ಮಲ್ಪೆಯಲ್ಲಿ ಮೀನಿನೂಟಕ್ಕೆ ಹೋಟೆಲು ಆರಿಸುವ ಬಗೆ

ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು ಆರು ಕಿಲೋಮೀಟರ್ ದೂರದಲ್ಲಿರುವ ಮಲ್ಪೆಯ ಬಂದರು ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದಾದರೂ ಊರು ಮಾತ್ರ ಚಿಕ್ಕದು. ಬಂದರು, ಅದಕ್ಕೆ ಹತ್ತಿಕೊಂಡಿರುವ ಪೇಟೆ, ವಡಭಾಂಡೇಶ್ವರ ದೇವಸ್ಥಾನ, ಅದರಾಚೆಗಿನ ಕಡಲತೀರ, ದಕ್ಷಿಣಕ್ಕೆ ಸೇತುವೆ ದಾಟಿದರೆ ಪಡುಕೆರೆ. ಅರ್ಧ ದಿನದಲ್ಲಿ ಎಲ್ಲವನ್ನೂ ನಡೆದೇ ನೋಡಿಬಿಡಬಹುದು. ಹೀಗಿದ್ದರೂ ಹೊರಗಿನಿಂದ ಬಂದವರು ಇಲ್ಲಿ ಊಟಕ್ಕೆಂದು ಅಲೆದಾಡುವುದನ್ನು, ಕೊನೆಗೆ ಹಸಿವು ತಾಳಲಾರದೆ ಎದುರಿಗೆ ಕಂಡ ಬೋರ್ಡಿನ ಕೆಳಗೆ ನುಗ್ಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಕಡಲೂರಿಗೆ ಬಂದೂ ಬೆಂಗಳೂರಿನ ಹೋಟೆಲಿನಲ್ಲಿ ಸಿಗುವುದಕ್ಕಿಂತ ಹಳೆಯ ಮೀನನ್ನು ತಿಂದು, ಹೆಚ್ಚು ಹಣ ತೆತ್ತು ಹೋಗುವವರಿದ್ದಾರೆ. ಇದು ಆಗಬಾರದೆಂಬ ಕಾಳಜಿಯಿಂದ, ಈ ಊರಿನಲ್ಲಿ ಉಣ್ಣುತ್ತಲೇ ಕಲಿತ ಕೆಲವು ಸಂಗತಿಗಳನ್ನು ಅವು ಉಪಯೋಗಕ್ಕೆ ಬರುವ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಹೋಟೆಲಿನ ಹೆಸರುಗಳನ್ನು ಕೊಡುತ್ತಿಲ್ಲ. ಅಡುಗೆಯವರು ಬದಲಾದರೆ ಹೋಟೆಲೂ ಬದಲಾಗುತ್ತದೆ; ಆರಿಸುವ ಬಗೆ ಗೊತ್ತಿದ್ದರೆ ಗಂಗೊಳ್ಳಿಯಲ್ಲೂ ಹೊನ್ನಾವರದಲ್ಲೂ ಅದು ಕೈಹಿಡಿಯುತ್ತದೆ.

ಮೊದಲು ತಾರೀಖು ನೋಡಿ

ಹೋಟೆಲು ಹುಡುಕುವ ಮೊದಲು ಕ್ಯಾಲೆಂಡರ್ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಮೀನುಗಳು ಮರಿ ಮಾಡುವ ಕಾಲವಾದ್ದರಿಂದಲೂ ಮಳೆಗಾಲದ ಕಡಲು ಅಪಾಯಕಾರಿಯಾದ್ದರಿಂದಲೂ ಈ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆಯಾದರೂ ಗಾಳಿಮಳೆಯ ದಿನಗಳಲ್ಲಿ ಅವೂ ದಡದಲ್ಲೇ ಉಳಿಯುತ್ತವೆ. ಹಾಗಾದರೆ ಜುಲೈ ತಿಂಗಳಲ್ಲಿ ಮಲ್ಪೆಯ ಹೋಟೆಲಿನ ತಟ್ಟೆಗೆ ಬರುವ ದೊಡ್ಡ ಅಂಜಲ್ ಮೀನು (ಕಿಂಗ್ ಫಿಶ್) ಎಲ್ಲಿಯದು? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಅದು ಮುಗಿದ ಮೇಲೆ ತಮಿಳುನಾಡು, ಆಂಧ್ರದ ಕಡೆಯ ಮೀನು ಲಾರಿಯಲ್ಲಿ ಐಸು ಹಾಕಿಸಿಕೊಂಡು ಇತ್ತ ಬರುತ್ತದೆ, ಉಳಿದದ್ದು ಶೀತಲಗೃಹದ್ದು. ಈ ಮೀನು ಕೆಟ್ಟದ್ದೇನಲ್ಲ, ಆದರೆ ಅದನ್ನು ತಿನ್ನಲು ಮಲ್ಪೆಯವರೆಗೆ ಬರಬೇಕಾಗಿರಲಿಲ್ಲ.

ಒಂದು ಜುಲೈಯಲ್ಲಿ ಶಿವಮೊಗ್ಗದಿಂದ ಬಂದ ಬಂಧುಗಳನ್ನು ಇಲ್ಲಿನ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿ, ಉಪಚಾರಕ್ಕೆಂದು ದೊಡ್ಡ ಮಾಂಜಿ (ಪಾಂಫ್ರೆಟ್) ಹೇಳಿದ್ದೆ. ನೋಡುವುದಕ್ಕೆ ಚೆನ್ನಾಗಿಯೇ ಇದ್ದ ಮೀನು ಬಾಯಲ್ಲಿ ಹತ್ತಿಯಂತೆ ಎಳೆಎಳೆಯಾಗಿ ಬಿಡಿಸಿಕೊಂಡಿತು. ಅದೇ ದಿನ ಅವರ ಅಡುಗೆಮನೆಯಲ್ಲಿ ಒಣ ಸಿಗಡಿಯ ಚಟ್ನಿಯೂ ಪತ್ರೊಡೆಯೂ ಇದ್ದುದು ಏಳುವ ಹೊತ್ತಿಗೆ ತಿಳಿಯಿತು. ಕೇಳದಿದ್ದದ್ದು ನನ್ನ ತಪ್ಪು. ಮಳೆಗಾಲಕ್ಕೆ ಕರಾವಳಿಯಲ್ಲಿ ಅದರದೇ ಊಟವಿದೆ. ಒಣಮೀನು, ಪತ್ರೊಡೆ, ಕಳಲೆ, ತೊಜಂಕು ಎಂಬ ಸೊಪ್ಪಿನ ಪಲ್ಯ, ಹಲಸಿನ ಬೀಜ ಹಾಕಿದ ಗಸಿ, ಕೋರಿ ರೊಟ್ಟಿ. ಜೂನ್, ಜುಲೈಯಲ್ಲಿ ಬಂದವರು ಇವುಗಳನ್ನು ಮಾಡುವ ಹೋಟೆಲನ್ನು ಹುಡುಕುವುದು ಮೇಲು. ನಾಡದೋಣಿಯವರು ತಂದ ಮೀನು ಅಂದು ಸಿಕ್ಕರೆ ಅದು ಅದೃಷ್ಟ.

ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಕಡಲು ಶಾಂತವಾಗಿ, ಸಮುದ್ರಪೂಜೆ ಮುಗಿದು, ಬೋಟುಗಳು ಪೂರ್ತಿಯಾಗಿ ಹೊರಡುವುದಕ್ಕೆ ಇನ್ನಷ್ಟು ದಿನ ಬೇಕು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳು ಮೀನಿನೂಟಕ್ಕೆ ಎಲ್ಲಕ್ಕಿಂತ ಒಳ್ಳೆಯವು ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆ ಕಳೆದ ಮೇಲಿನ ಬೂತಾಯಿ ಮೀನಿನಲ್ಲಿ (ಸಾರ್ಡಿನ್) ಎಣ್ಣೆಯಂಶ ತುಂಬಿರುತ್ತದೆ. ಕಾವಲಿಯ ಮೇಲೆ ಇಟ್ಟರೆ ತನ್ನ ಎಣ್ಣೆಯಲ್ಲೇ ಅರ್ಧ ಬೇಯುತ್ತದೆ. ಕೆಲವು ವರ್ಷ ಬೂತಾಯಿ ರಾಶಿರಾಶಿಯಾಗಿ ಬರುತ್ತದೆ, ಕೆಲವು ವರ್ಷ ಕಾಣಸಿಗುವುದೇ ಕಷ್ಟ ಎಂಬುದನ್ನೂ ನೆನಪಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗಳ ರಜೆಯಿಂದ ಪ್ರವಾಸಿಗರು ಹೆಚ್ಚು, ಮೀನು ಕಡಿಮೆ, ದರ ಏರಿಕೆ. ಆಗ ಆಯ್ಕೆಯಲ್ಲಿ ಹೆಚ್ಚು ಎಚ್ಚರ ಬೇಕು.

ಬಂದರಿಗೆ ಒಂದು ಸುತ್ತು

ಸಮಯವಿದ್ದರೆ ಬೆಳಗ್ಗೆ ಬಂದರಿಗೆ ಹೋಗಿ ಬನ್ನಿ. ಮಧ್ಯಾಹ್ನದ ಊಟದ ವಿಷಯ ಅಲ್ಲಿಯೇ ಅರ್ಧ ನಿರ್ಧಾರವಾಗುತ್ತದೆ. ಬೋಟುಗಳಿಂದ ಮೀನು ಇಳಿಸುವುದು, ಏಲಂ ಕೂಗುವುದು, ಬುಟ್ಟಿ ಹೊತ್ತ ಹೆಂಗಸರು ತಮ್ಮ ಪಾಲನ್ನು ಆರಿಸಿಕೊಳ್ಳುವುದು ಎಲ್ಲವೂ ಬೆಳಗ್ಗೆ ಬೇಗ ನಡೆಯುತ್ತದೆ. ನೆಲ ಜಾರುತ್ತದೆ, ತಳ್ಳುಗಾಡಿಗಳು ಓಡಾಡುತ್ತಿರುತ್ತವೆ. ಕೆಲಸದವರ ದಾರಿಗೆ ಅಡ್ಡ ನಿಲ್ಲದೆ, ಕೇಳದೆ ಯಾರ ಫೋಟೋವನ್ನೂ ತೆಗೆಯದೆ, ಬದಿಯಲ್ಲಿ ನಿಂತು ನೋಡಬೇಕು. ಯಾವ ಮೀನು ರಾಶಿ ಬಿದ್ದಿದೆಯೋ ಅದೇ ಅಂದಿನ ಊಟ. ಬಂಗುಡೆಯ (ಮ್ಯಾಕರೆಲ್) ರಾಶಿಯಿದ್ದರೆ ಬಂಗುಡೆ, ನಂಗ್ (ಸೋಲ್ ಫಿಶ್) ಹೆಚ್ಚಿದ್ದರೆ ನಂಗ್. ಆ ದಿನ ಅಲ್ಲಿ ಕಾಣದ ಮೀನನ್ನು ಮಧ್ಯಾಹ್ನ ಹೋಟೆಲಿನವರು ಒತ್ತಾಯಿಸಿ ಕೊಡಲು ಬಂದರೆ ಅದು ಎಲ್ಲಿಯದೆಂದು ಕೇಳುವ ಧೈರ್ಯ ನಿಮಗೆ ಇರುತ್ತದೆ.

ಬಂದರಿನಲ್ಲಿ ಓದಿಕೊಳ್ಳಬಹುದಾದ ಇನ್ನೊಂದು ಗುರುತು ಬೋಟುಗಳ ಸಾಲು. ಮೀನುಗಾರಿಕೆಯ ಋತುವಿನ ನಡುವೆಯೇ ಬಂದರು ಸೂಜಿ ತೂರಲೂ ಜಾಗವಿಲ್ಲದಷ್ಟು ಬೋಟುಗಳಿಂದ ತುಂಬಿದ್ದರೆ, ಕಡಲಿನಲ್ಲಿ ತೂಫಾನಿನ ಮುನ್ಸೂಚನೆ ಇದೆಯೆಂದೋ ಇನ್ನೇನೋ ಕಾರಣಕ್ಕೆ ಯಾರೂ ಹೊರಟಿಲ್ಲವೆಂದೋ ಅರ್ಥ. ಅಂಥ ಎರಡು ಮೂರು ದಿನ ಕಳೆದ ಮೇಲೆ ಊರಿನಲ್ಲಿರುವುದೆಲ್ಲ ಹಿಂದಿನ ವಾರದ ಮೀನು. ಆ ದಿನ ಕೋಳಿಯೋ ಸಸ್ಯಾಹಾರವೋ ತಿಂದು ಹೋಗುವುದರಲ್ಲಿ ಯಾವ ನಷ್ಟವೂ ಇಲ್ಲ.

ಯಾವ ಬೋಟಿನ ಮೀನು

ಪ್ರವಾಸಿಗರಿಗೆ ಯಾರೂ ಹೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ದುಬಾರಿ ಮೀನು ತಾಜಾ ಮೀನೆಂದು ಭಾವಿಸಬಾರದು. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಎಂಟು, ಹತ್ತು ದಿನ ಕಡಲಿನಲ್ಲೇ ಇದ್ದು, ಹಿಡಿದದ್ದನ್ನು ಐಸಿನಲ್ಲಿ ತುಂಬಿಕೊಂಡು ಮರಳುತ್ತವೆ. ಹೊರಟ ಎರಡನೆಯ ದಿನ ಸಿಕ್ಕಿದ್ದೂ ಮರಳುವ ಹಿಂದಿನ ರಾತ್ರಿ ಸಿಕ್ಕಿದ್ದೂ ಒಂದೇ ಬೋಟಿನಲ್ಲಿ ಬರುತ್ತವೆ. ಪರ್ಸೀನ್ ಬೋಟುಗಳಾದರೋ ಸಾಮಾನ್ಯವಾಗಿ ಬೆಳಗಿನ ಜಾವ ಹೊರಟು ಅಂದೇ ಹಿಂದಿರುಗುತ್ತವೆ. ಅವು ಬಲೆ ಬೀಸುವುದು ಗುಂಪಾಗಿ ಈಜುವ ಬಂಗುಡೆ, ಬೂತಾಯಿಯಂಥ ಮೀನುಗಳಿಗೆ. ನಾಡದೋಣಿಯವರದ್ದೂ, ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರದ್ದೂ ಅಂದಂದಿನ ಮೀನು. ಆದ್ದರಿಂದ ಪಟ್ಟಿಯಲ್ಲಿ ಕಡಿಮೆ ದರಕ್ಕೆ ಇರುವ ಬಂಗುಡೆ ನಿನ್ನೆಯದೋ ಇಂದಿನದೋ ಆಗಿದ್ದು, ಅದರ ಐದಾರು ಪಟ್ಟು ಬೆಲೆಯ ಮೀನು ವಾರದ ಹಿಂದಿನದಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಂಜಲ್, ಮಾಂಜಿ ತಿನ್ನಬಾರದೆಂದು ಇದರರ್ಥವಲ್ಲ. ಸರಿಯಾಗಿ ಐಸು ಹಾಕಿಟ್ಟ ಅಂಜಲ್ ಹಲವು ದಿನ ಚೆನ್ನಾಗಿರುತ್ತದೆ. ಆದರೆ ಒಂದೇ ಊಟಕ್ಕೆಂದು ಬಂದವರಿಗೆ ನಾನು ಹೇಳುವುದು ಬಂಗುಡೆಯನ್ನೇ.

ಬಂಗುಡೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಜೊತೆಗೇ ಹೇಳಬೇಕು. ಬಂಗುಡೆ, ಕೇದರ್ (ಟ್ಯೂನಾ) ಮುಂತಾದ ಮೀನುಗಳನ್ನು ಹಿಡಿದ ಮೇಲೆ ಐಸಿಲ್ಲದೆ ಬಿಸಿಲಿನಲ್ಲಿ ಬಿಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಬಾಯಿಗಿಟ್ಟ ತಕ್ಷಣ ಮಸಾಲೆಯದಲ್ಲದ ಒಂದು ಚುರುಚುರು ನಾಲಗೆಗೂ ತುಟಿಗೂ ತಾಗಿದರೆ ಆ ತುಂಡನ್ನು ಪಕ್ಕಕ್ಕಿಟ್ಟು ಬೇರೆ ಹೇಳಿ. ಮುಖ ಕೆಂಪಾಗುವುದು, ತುರಿಕೆ, ತಲೆನೋವು ಕಾಣಿಸಿಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮರ್ವಾಯಿಯ ಕಥೆ ಬೇರೆ. ಇದು ಅಳಿವೆಯ ಉಸುಕಿನಲ್ಲಿ ಸಿಗುವ ಚಿಪ್ಪು. ಮಲ್ಪೆಯ ಉತ್ತರಕ್ಕೆ, ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಕಡೆ ಹೋದರೆ ನೀರಿನಲ್ಲಿ ಎದೆಮಟ್ಟ ನಿಂತು ಅದನ್ನು ಆಯುವವರು ಕಾಣುತ್ತಾರೆ. ಚಿಪ್ಪಿನೊಳಗಿನ ಜೀವಿ ನೀರನ್ನು ಸೋಸಿಯೇ ಬದುಕುವುದರಿಂದ ನೀರಿನ ಕೊಳೆಯೂ ಅದರೊಳಗೆ ಸೇರುತ್ತದೆ. ಜೋರು ಮಳೆಯಲ್ಲಿ ಕೆಂಪುನೀರು ಹರಿದು ಬರುವ ದಿನಗಳಲ್ಲಿ ಅದನ್ನು ತಿನ್ನದಿರುವುದು ಒಳ್ಳೆಯದು. ಸುಕ್ಕ ಎಂಬ ಒಣ ಪಲ್ಯದಲ್ಲಿ ಬಂದ ಚಿಪ್ಪು ಬೆಂದ ಮೇಲೂ ಬಾಯಿ ತೆರೆಯದೆ ಮುಚ್ಚಿಕೊಂಡೇ ಇದ್ದರೆ ಅದನ್ನು ಒಡೆದು ತಿನ್ನಬೇಡಿ.

ಊರಿನ ಯಾವ ಭಾಗದಲ್ಲಿ

ಬಂದರಿನ ಒಳಗೂ ಅದರ ಗೇಟಿನ ಆಸುಪಾಸಿನಲ್ಲೂ ಇರುವ ಚಿಕ್ಕ ಹೋಟೆಲುಗಳು ಬೋಟಿನ ಕೆಲಸಗಾರರಿಗಾಗಿ ಇರುವಂಥವು. ನಸುಕಿಗೇ ಬಾಗಿಲು ತೆರೆಯುತ್ತವೆ, ಮಧ್ಯಾಹ್ನ ಕಳೆಯುವಾಗ ಮುಚ್ಚುತ್ತವೆ. ಇಲ್ಲಿ ಪಟ್ಟಿ ಇರುವುದಿಲ್ಲ. ಕುಚ್ಚಲಕ್ಕಿ ಅನ್ನ, ಒಂದು ಮೀನಿನ ಸಾರು, ಒಂದು ಪಲ್ಯ, ಮೇಲೊಂದು ಹುರಿದ ಮೀನು. ಕುಳಿತುಕೊಳ್ಳುವ ಜಾಗ ಇಕ್ಕಟ್ಟು, ಫ್ಯಾನಿನ ಗಾಳಿ ಎಲ್ಲರಿಗೂ ತಲುಪುವುದಿಲ್ಲ. ಆದರೆ ದಿನವೂ ಮೀನು ಮುಟ್ಟುವ ಕೈಗಳಿಗೆ ಬಡಿಸುವ ಹೋಟೆಲಿನಲ್ಲಿ ಕೆಟ್ಟ ಮೀನು ಎರಡನೆಯ ದಿನ ನಡೆಯುವುದಿಲ್ಲ ಎಂಬ ಕಾರಣಕ್ಕೆ ಇವುಗಳ ಮೇಲೆ ನನಗೆ ಹೆಚ್ಚು ನಂಬಿಕೆ. ವಯಸ್ಸಾದವರೂ ಚಿಕ್ಕ ಮಕ್ಕಳೂ ಜೊತೆಗಿಲ್ಲದಿದ್ದರೆ ನನ್ನ ಮೊದಲ ಆಯ್ಕೆ ಇದು.

ಕಡಲತೀರದ ಸಾಲಿನಲ್ಲಿರುವವು ನೋಟಕ್ಕೆ ಚೆಂದ. ಅಲ್ಲಿ ಸಂಜೆ ಕುಳಿತು ಚಹಾ, ಗೋಳಿಬಜೆ ತಿನ್ನಬಹುದು. ಊಟಕ್ಕಾದರೆ, ಗಿರಾಕಿ ಮತ್ತೆ ಬರುತ್ತಾನೆಂಬ ನಿರೀಕ್ಷೆ ಇಲ್ಲದೆ ನಡೆಯುವ ವ್ಯಾಪಾರ ಹೇಗಿರಬಹುದೆಂದು ಯೋಚಿಸಿ ಹೆಜ್ಜೆಯಿಡಿ. ಎಲ್ಲರೂ ಹಾಗಿಲ್ಲ; ಊರವರ ಕುಟುಂಬಗಳೂ ಕುಳಿತಿರುವ ಹೋಟೆಲು ಅಲ್ಲಿಯೂ ಇದೆ.

ಮಲ್ಪೆಯಿಂದ ಆದಿ ಉಡುಪಿಯ ಕಡೆಗೆ ಹೋಗುವ ರಸ್ತೆಯಲ್ಲಿಯೂ ಹೆದ್ದಾರಿ 66ರ ಬಳಿಯಲ್ಲಿಯೂ ಸಿಗುವ ಮೀನೂಟದ ಹೋಟೆಲುಗಳು ಕುಟುಂಬದವರಿಗೆ ಅನುಕೂಲ. ಗಾಡಿ ನಿಲ್ಲಿಸಲು ಜಾಗ, ಶುಚಿಯಾದ ಶೌಚಾಲಯ, ಕೈತೊಳೆಯುವ ವ್ಯವಸ್ಥೆ ಇರುತ್ತದೆ. ಬಂದರು ಹತ್ತಿರವೇ ಇರುವುದರಿಂದ ಮೀನಿಗೂ ಕೊರತೆಯಿಲ್ಲ. ಮೂವರಿಗಿಂತ ಹೆಚ್ಚು ಜನರಿದ್ದರೆ ಇಲ್ಲಿಗೇ ಹೋಗುವುದು ಒಳ್ಳೆಯದು. ಪಡುಕೆರೆ, ಕೋಡಿಬೆಂಗ್ರೆಯ ಕಡೆ ಕೆಲವರು ಮನೆಯಲ್ಲೇ ಅಡುಗೆ ಮಾಡಿ ಬಡಿಸುವುದುಂಟು. ಅಂಥಲ್ಲಿಗೆ ಹಿಂದಿನ ದಿನವೇ ಹೇಳಿರಬೇಕು, ಹೇಳಿದ ಮೇಲೆ ಹೋಗದೆ ಇರಬಾರದು. ಅವರು ನಿಮ್ಮ ಲೆಕ್ಕಕ್ಕೇ ಮೀನು ತಂದಿರುತ್ತಾರೆ.

ಬಾಗಿಲಿನಲ್ಲಿ ನಿಂತು ನೋಡಬೇಕಾದದ್ದು

ಊಟದ ಹೊತ್ತು ಇಲ್ಲಿ ಹನ್ನೆರಡೂವರೆಯಿಂದ ಒಂದೂವರೆಯವರೆಗೆ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಹನ್ನೊಂದರ ದೋಣಿ ಹತ್ತಿ ಎರಡೂವರೆಗೆ ಮರಳಿದರೆ ಒಳ್ಳೆಯ ಹೋಟೆಲುಗಳಲ್ಲಿ ಸಾರಿನ ಪಾತ್ರೆಯ ತಳ ಕಾಣುತ್ತಿರುತ್ತದೆ. ಬೆಳಗ್ಗೆಯೇ ದ್ವೀಪ ನೋಡಿ ಬಂದು ಊಟಕ್ಕೆ ಹೋಗಿ, ಇಲ್ಲವೇ ಊಟ ಮುಗಿಸಿಕೊಂಡು ದೋಣಿ ಹತ್ತಿ.

ಒಳಗೆ ಹೋಗುವಾಗ ಮೊದಲು ಮೂಗಿಗೆ ಬರುವ ವಾಸನೆಯನ್ನು ಗಮನಿಸಿ. ತೆಂಗಿನೆಣ್ಣೆಯ, ಹುರಿದ ಮಸಾಲೆಯ, ಮೀನಿನ ಪರಿಮಳ ಇರಬೇಕಾದದ್ದೇ. ಕಮಟು ವಾಸನೆ ಇದ್ದರೆ ಎಣ್ಣೆ ಹಳೆಯದು, ಅಮೋನಿಯದಂತೆ ಮೂಗಿಗೆ ಚುಚ್ಚಿದರೆ ಮೀನೇ ಹಳೆಯದು. ಎರಡೂ ಸಂದರ್ಭದಲ್ಲಿ ಸಂಕೋಚಪಡದೆ ಹೊರಗೆ ಬನ್ನಿ. ಅನಂತರ ತಟ್ಟೆಗಳನ್ನು ನೋಡಿ. ಹೆಚ್ಚಿನವರ ತಟ್ಟೆಯಲ್ಲಿ ಒಂದೇ ಬಗೆಯ ಮೀನಿದ್ದರೆ ಅದು ಅಂದು ಬಂದ ಮೀನೆಂದು ತಿಳಿಯಬಹುದು. ನೂರೈವತ್ತು ಪದಾರ್ಥಗಳ ಪಟ್ಟಿ, ಅದರಲ್ಲಿ ಚೈನೀಸ್, ತಂದೂರಿ, ಬಿರಿಯಾನಿ ಎಲ್ಲವೂ ಇದ್ದು ಎಲ್ಲಕ್ಕೂ ‘ಇದೆ’ ಎನ್ನುವ ಹೋಟೆಲಿನಲ್ಲಿ ಫ್ರಿಜ್ಜು ದೊಡ್ಡದಿರುತ್ತದೆ.

ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯನ್ನೋ ನೋಂದಣಿಯನ್ನೋ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಅದರ ಸಂಖ್ಯೆ 14 ಅಂಕೆಗಳದ್ದು. ದೊಡ್ಡ ವ್ಯಾಪಾರದ ಪರವಾನಗಿ 1ರಿಂದಲೂ ಚಿಕ್ಕವರ ನೋಂದಣಿ 2ರಿಂದಲೂ ಆರಂಭವಾಗುತ್ತದೆ. ಅದು ಇದ್ದ ಮಾತ್ರಕ್ಕೆ ಅಡುಗೆ ಚೆನ್ನಾಗಿರುತ್ತದೆ ಎಂದೇನೂ ಇಲ್ಲ, ಆದರೆ ತೊಂದರೆಯಾದರೆ ದೂರು ಕೊಡಲು ಒಂದು ಆಧಾರ ಇರುತ್ತದೆ.

ಬಣ್ಣವನ್ನೂ ನೋಡಬೇಕು. ಬ್ಯಾಡಗಿ ಮೆಣಸಿನಿಂದ ಬರುವ ಕೆಂಪು ಸ್ವಲ್ಪ ಮಬ್ಬಾಗಿ, ಕಾವಲಿಯ ಮೇಲೆ ಕಂದಿಗೆ ತಿರುಗುತ್ತದೆ. ಬೆರಳಿಗೆ ಅಂಟಿ ತೊಳೆದರೂ ಹೋಗದ ಕಿತ್ತಳೆಗೆಂಪು ಮೆಣಸಿನದಲ್ಲ. 2024ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಮೀನು ಮತ್ತು ಕೋಳಿಯ ಕಬಾಬುಗಳಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದೆ. ಹಾಗಿದ್ದೂ ಬಣ್ಣ ಹಾಕುವ ಅಡುಗೆಮನೆ ಬೇರೆ ವಿಷಯಗಳಲ್ಲಿ ನಿಯಮ ಪಾಲಿಸುತ್ತದೆಂದು ನಂಬುವುದು ಕಷ್ಟ.

ಕೇಳಬೇಕಾದ ಮಾತು

ಕುಳಿತ ಮೇಲೆ ಪಟ್ಟಿ ತೆರೆಯುವ ಮೊದಲು ಬಡಿಸುವವರನ್ನು ‘ಅಣ್ಣ, ಇವತ್ತು ಯಾವ ಮೀನು ಉಂಟು?’ ಎಂದು ಕೇಳಿ. ತುಳು ಬಾರದವರೂ ‘ಇನಿ ದಾದ ಮೀನ್ ಉಂಡು?’ ಎಂಬಷ್ಟನ್ನು ಕಲಿತು ಕೇಳಿದರೆ ಎದುರಿನವರ ಮುಖ ಅರಳುತ್ತದೆ, ಉತ್ತರವೂ ಬಿಚ್ಚುಮನಸ್ಸಿನಿಂದ ಬರುತ್ತದೆ. ಎರಡನೆಯ ಪ್ರಶ್ನೆ, ‘ಇವತ್ತಿನದ್ದಾ, ಐಸಿನದ್ದಾ?’ ಎಂಬುದು. ಕೇಳುವ ದನಿಯಲ್ಲಿ ಸಂಶಯ ಇರಬಾರದು. ತಿಳಿದುಕೊಳ್ಳುವ ಆಸಕ್ತಿ ಇದ್ದರೆ ಸಾಕು. ‘ಅಂಜಲ್ ಐಸಿನದ್ದು, ಬಂಗುಡೆ ಇವತ್ತು ಬಂದದ್ದು, ಕಾಣೆ ಮೀನು ಇಲ್ಲ’ ಎಂದು ಯಾರಾದರೂ ಹೇಳಿದರೆ ಇನ್ನೇನನ್ನೂ ಯೋಚಿಸದೆ ಅಲ್ಲಿಯೇ ಊಟ ಮಾಡಿ. ಇಲ್ಲ ಎಂಬ ಮಾತನ್ನು ಗಿರಾಕಿಯ ಮುಖಕ್ಕೆ ಹೇಳಬಲ್ಲ ಹೋಟೆಲನ್ನು ನಾನು ಎಲ್ಲ ಪರೀಕ್ಷೆಗಳಿಗಿಂತ ಮೇಲಾಗಿ ಗೌರವಿಸುತ್ತೇನೆ. ಕೆಲವು ಕಡೆ ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ. ಮಸಾಲೆ ಹಚ್ಚುವ ಮೊದಲಿನ ಮೀನನ್ನು ತೋರಿಸಿ ಎಂದು ಕೇಳಬಹುದು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಬೇಕು.

ಯಾವ ರೀತಿ ಹುರಿಸಬೇಕೆಂಬುದೂ ಒಂದು ಜಾಣತನದ ವಿಷಯ. ರವೆಯ ದಪ್ಪ ಹೊದಿಕೆಯ ಕೆಳಗೆ ಮೀನಿನ ಗುಣ ಸುಲಭಕ್ಕೆ ತಿಳಿಯುವುದಿಲ್ಲ. ಮೊದಲ ಸಲ ಹೋದ ಹೋಟೆಲಿನಲ್ಲಿ ತವಾ ಫ್ರೈ ಹೇಳುವುದು ನನ್ನ ರೂಢಿ. ತೆಳುವಾದ ಮಸಾಲೆಯಲ್ಲಿ, ಸ್ವಲ್ಪ ಎಣ್ಣೆಯಲ್ಲಿ, ಕಾವಲಿಯ ಮೇಲೆ ಬೆಂದ ಬಂಗುಡೆ ತನ್ನ ಹಳತು ಹೊಸತನ್ನು ಮುಚ್ಚಿಡಲಾರದು. ಸಾರಿನ ವಿಷಯದಲ್ಲಿ ಮಾತ್ರ ಹಿಂದಿನ ದಿನದ್ದೆಂದು ತಿಳಿದು ಬೇಸರಪಡಬೇಕಾಗಿಲ್ಲ. ಹುಳಿ ಖಾರ ಹಿಡಿದ ಬಂಗುಡೆ ಪುಳಿಮುಂಚಿ ಮರುದಿನ ಇನ್ನೂ ರುಚಿ ಎಂದು ಕರಾವಳಿಯ ಮನೆಗಳಲ್ಲಿ ಎತ್ತಿಟ್ಟು ತಿನ್ನುತ್ತಾರೆ. ಅದನ್ನು ತಣ್ಣಗೆ ಸರಿಯಾಗಿ ಇಟ್ಟು, ಚೆನ್ನಾಗಿ ಕುದಿಸಿ ಬಡಿಸಿದರೆ ಸಾಕು.

ಬಯಲುಸೀಮೆಯಿಂದ ಬಂದ, ಮುಳ್ಳು ಬಿಡಿಸಿ ಅಭ್ಯಾಸವಿಲ್ಲದ ಅತಿಥಿಗಳು ಇದ್ದರೆ ಬೂತಾಯಿಯಿಂದ ಆರಂಭಿಸಬೇಡಿ. ಕಾಣೆ ಮೀನಿನ (ಲೇಡಿಫಿಶ್) ನಡುಮುಳ್ಳು ಒಂದೇ ಎಳೆತಕ್ಕೆ ಬರುತ್ತದೆ. ನಂಗ್ ಕೂಡ ಹಾಗೆಯೇ. ಅಂಜಲಿನ ತುಂಡಿನಲ್ಲಿ ನಡುವಿನ ಎಲುಬು ಬಿಟ್ಟರೆ ತೊಂದರೆ ಕಡಿಮೆ, ಮಕ್ಕಳಿಗೆ ಅದೇ ಸರಿ. ಮುಳ್ಳೇ ಇಲ್ಲದ ಫಿಶ್ ಫಿಂಗರಿನಂಥ ತಿನಿಸುಗಳಿಗೆ ಅನೇಕ ಕಡೆ ಬಳಸುವುದು ಬಾಸಾ ಎಂಬ ಸಾಕಿದ ಸಿಹಿನೀರಿನ ಮೀನು. ಅದಕ್ಕೂ ಮಲ್ಪೆಯ ಕಡಲಿಗೂ ಸಂಬಂಧವಿಲ್ಲ. ಸಿಗಡಿ, ಏಡಿ ಮೊದಲ ಸಲ ತಿನ್ನುವ ಮಕ್ಕಳಿಗೆ ಅಲರ್ಜಿಯಾಗುವ ಸಾಧ್ಯತೆ ಇರುವುದರಿಂದ ಸ್ವಲ್ಪವೇ ಕೊಟ್ಟು ನೋಡಬೇಕು, ಪ್ರವಾಸದ ನಡುವೆ ಕೊಡದಿದ್ದರೆ ಇನ್ನೂ ಒಳ್ಳೆಯದು.

ಜೊತೆಯಲ್ಲಿ ಮೀನು ತಿನ್ನದವರಿದ್ದರೆ

ಮೀನು ಹುರಿಯುವ ಹೋಟೆಲಿನಲ್ಲಿ ‘ವೆಜ್ ಊಟ ಉಂಟು’ ಎಂಬ ಬೋರ್ಡನ್ನು ನೋಡಿ ಸಸ್ಯಾಹಾರಿ ಹಿರಿಯರನ್ನು ಕೂರಿಸಬಾರದು. ಕಾವಲಿ, ಎಣ್ಣೆ, ಸೌಟು ಬೇರೆ ಇದೆಯೇ ಎಂದು ಕೇಳಿದರೆ ಹೌದೆಂಬ ಉತ್ತರ ಬರಬಹುದು, ಆದರೆ ಒಂದೇ ಚಿಕ್ಕ ಅಡುಗೆಮನೆಯಲ್ಲಿ ಅದನ್ನು ಪಾಲಿಸುವುದು ಕಷ್ಟ. ಆರೇ ಕಿಲೋಮೀಟರ್ ದೂರದಲ್ಲಿ ಉಡುಪಿ ಇರುವಾಗ ಈ ಇಕ್ಕಟ್ಟು ಬೇಕಿಲ್ಲ. ರಥಬೀದಿಯ ಸುತ್ತಮುತ್ತ ಸಸ್ಯಾಹಾರಿ ಹೋಟೆಲುಗಳು ಸಾಲಾಗಿವೆ, ಮಧ್ಯಾಹ್ನ ಶ್ರೀಕೃಷ್ಣ ಮಠದಲ್ಲಿ ಅನ್ನಪ್ರಸಾದವಿದೆ. ಸಿಟಿ ಬಸ್ಸುಗಳು ಆಗಾಗ ಓಡುತ್ತವೆ. ಕುಟುಂಬದವರೆಲ್ಲ ಒಟ್ಟಿಗೇ ಉಣ್ಣಬೇಕೆಂದಿದ್ದರೆ ಬೆಳಗಿನ ತಿಂಡಿಯನ್ನು ಒಟ್ಟಿಗೆ ಮಾಡಿ. ನೀರುದೋಸೆ, ಬನ್ಸ್, ಸಜ್ಜಿಗೆ ಬಜಿಲ್ ಎಲ್ಲರಿಗೂ ಸಲ್ಲುತ್ತವೆ. ಮಧ್ಯಾಹ್ನ ಎರಡು ಗುಂಪಾಗಿ ಹೋಗಿ.

ಸೋಮವಾರ, ಶನಿವಾರ, ಸಂಕ್ರಮಣದಂಥ ದಿನಗಳಲ್ಲಿ ಊರಿನವರೇ ಅನೇಕರು ಮೀನು ತಿನ್ನುವುದಿಲ್ಲ. ಆ ದಿನಗಳಲ್ಲಿ ಚಿಕ್ಕ ಹೋಟೆಲಿನವರು ಕಡಿಮೆ ಮಾಡುತ್ತಾರೆ, ಕೆಲವರು ಬಾಗಿಲೇ ತೆರೆಯುವುದಿಲ್ಲ. ಮೊದಲೇ ಫೋನು ಮಾಡಿ ತಿಳಿದುಕೊಳ್ಳಿ, ಅಥವಾ ಮಧ್ಯಾಹ್ನ ಒಂದು ಗಂಟೆಗೆ ಮುಂಚೆಯೇ ತಲುಪಿ. ಭಾನುವಾರದ ಸಮಸ್ಯೆ ಇದಕ್ಕೆ ವಿರುದ್ಧವಾದದ್ದು. ಜನಜಂಗುಳಿಯಲ್ಲಿ ಅರ್ಧ ಬೆಂದ ಮೀನು ಬರುವ ಭಯವಿರುತ್ತದೆ. ನಡುಮುಳ್ಳಿನ ಬಳಿ ಮಾಂಸ ಗುಲಾಬಿ ಬಣ್ಣಕ್ಕಿದ್ದು ಬಿಡಿಸಿಕೊಳ್ಳದಿದ್ದರೆ ಮತ್ತೆ ಕಾವಲಿಗೆ ಕಳಿಸಿ.

ಮೊಬೈಲಿನಲ್ಲಿ ಜನ ಕೊಟ್ಟ ನಕ್ಷತ್ರಗಳನ್ನು ನೋಡುವವರು ಅಭಿಪ್ರಾಯ ಬರೆದ ತಿಂಗಳನ್ನೂ ನೋಡಬೇಕು. ನವೆಂಬರಿನ ಹೊಗಳಿಕೆ ಜುಲೈಗೆ ಅನ್ವಯಿಸುವುದಿಲ್ಲ. ‘ಸೂಪರ್’ ಎಂಬ ಒಂದು ಮಾತಿಗಿಂತ, ಯಾವ ಮೀನು ತಿಂದೆವು, ಎಷ್ಟು ಕೊಟ್ಟೆವು ಎಂದು ಬರೆದವರ ನಾಲ್ಕು ಸಾಲು ಉಪಯುಕ್ತ. ಆಟೋದವರನ್ನು ಕೇಳುವುದಾದರೆ ‘ಒಳ್ಳೆಯ ಹೋಟೆಲು ಯಾವುದು’ ಎಂದು ಕೇಳಬೇಡಿ, ‘ನೀವು ಎಲ್ಲಿ ಊಟ ಮಾಡುತ್ತೀರಿ’ ಎಂದು ಕೇಳಿ.

ದರ ಮತ್ತು ಬಿಲ್ಲು

ಮೀನಿನೂಟ ಎಂದರೆ ಇಲ್ಲಿ ಅನ್ನ, ಮೀನಿನ ಸಾರು, ಪಲ್ಯ, ತಿಳಿಸಾರು, ಮಜ್ಜಿಗೆ, ಉಪ್ಪಿನಕಾಯಿ ಇವಿಷ್ಟು. ಹುರಿದ ಮೀನಿಗೆ ಹೆಚ್ಚಿನ ಕಡೆ ಬೇರೆ ಲೆಕ್ಕ. ಗೊಂದಲವಾಗುವುದು ದೊಡ್ಡ ಮೀನಿಗೆ ಪಟ್ಟಿಯಲ್ಲಿ ದರ ಬರೆಯದೆ ‘ಗಾತ್ರಕ್ಕೆ ತಕ್ಕಂತೆ’ ಎಂದು ಬಿಟ್ಟಿರುವಾಗ. ಮೀನಿನ ದರ ದಿನದಿನಕ್ಕೆ ಬದಲಾಗುವುದರಿಂದ ಹಾಗೆ ಬರೆಯುವುದು ತಪ್ಪಲ್ಲ. ಆದರೆ ಕಾವಲಿಗೆ ಹಾಕುವ ಮೊದಲು ಮೀನನ್ನು ನೋಡಿ, ತೂಕ ಎಷ್ಟು, ಈ ಮೀನಿಗೆ ಒಟ್ಟು ಎಷ್ಟಾಗುತ್ತದೆ ಎಂದು ಎರಡನ್ನೂ ಕೇಳಿ, ಒಪ್ಪಿದ ಮೇಲೆಯೇ ‘ಹಾಕಿ’ ಎನ್ನಬೇಕು. ಇದನ್ನು ಕೇಳುವುದು ಜಿಪುಣತನವೆಂದು ಇಲ್ಲಿ ಯಾರೂ ತಿಳಿಯುವುದಿಲ್ಲ. ಬಂದರಿನ ಊರಿನಲ್ಲಿ ಚೌಕಾಸಿಯಿಲ್ಲದೆ ಮೀನು ಕೈ ಬದಲಾಯಿಸುವುದೇ ಇಲ್ಲ.

ಬಿಲ್ಲಿನಲ್ಲಿ ಸಾಮಾನ್ಯ ಹೋಟೆಲುಗಳಿಗೆ ಜಿಎಸ್‌ಟಿ ಶೇಕಡಾ 5. ತೆರಿಗೆ ಸೇರಿಸಿದ್ದರೆ ಹೋಟೆಲಿನ ಜಿಎಸ್‌ಟಿ ಸಂಖ್ಯೆ ಬಿಲ್ಲಿನ ಮೇಲೆ ಇರಬೇಕು. ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯಲ್ಲಿರುವ ಚಿಕ್ಕ ಹೋಟೆಲುಗಳು ಗಿರಾಕಿಯಿಂದ ಅದನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ, ಆದ್ದರಿಂದ ಅದು ಕಂಡರೆ ತೆಗೆಸಬಹುದು. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಡಿಸಿದವರ ಉಪಚಾರ ಇಷ್ಟವಾದರೆ ಅವರ ಕೈಗೇ ಏನಾದರೂ ಕೊಡಿ.

ಇಂದ್ರಾಳಿಯಲ್ಲಿರುವ ಉಡುಪಿಯ ರೈಲು ನಿಲ್ದಾಣದಲ್ಲಿ ಸಂಜೆಯ ರೈಲು ಹಿಡಿಯುವವರು ಅನೇಕರು ಮೀನು ಕಟ್ಟಿಸಿಕೊಂಡು ಹೋಗುತ್ತಾರೆ. ಸಾರನ್ನೂ ಸಿಗಡಿಯನ್ನೂ ಮರ್ವಾಯಿಯನ್ನೂ ಬಿಟ್ಟು ಹುರಿದ ಮೀನನ್ನು ಮಾತ್ರ ಒಯ್ಯಿರಿ. ಊಟಕ್ಕೆ ಕುಳಿತಾಗಲೇ ಪಾರ್ಸೆಲ್ ಹೇಳಬೇಡಿ, ಏಳುವಾಗ ಹೇಳಿ ಬಿಸಿಯಾಗಿಯೇ ಮಾಡಿಸಿ. ಬಾಳೆಯೆಲೆಯಲ್ಲಿ ಸುತ್ತಿ ಕಾಗದದಲ್ಲಿ ಕಟ್ಟಲು ಕೇಳಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಬೆ ಕಟ್ಟಿ ಮೆತ್ತಗಾಗುತ್ತದೆ. ಕಾವಲಿಯಿಂದ ಇಳಿಸಿ ಎರಡು ಗಂಟೆಯೊಳಗೆ, ಅಂದರೆ ರೈಲು ಕುಂದಾಪುರವನ್ನೋ ಮಂಗಳೂರನ್ನೋ ದಾಟುವ ಮೊದಲೇ ತಿಂದು ಮುಗಿಸಿ.